92 ಹೊಡೆದವನು ಗೆದ್ದದ್ದು ನ್ಯಾಯವೇ?

ವನಗೂರಿನ ಕಡೆಯ ಕಾಫಿ ಬೆಳೆಗಾರರಿಗೆ ಗಾಲ್ಫ್ ಆಡಬೇಕೆನಿಸಿದರೆ ಚಿಕ್ಕಮಗಳೂರಿಗೋ ಕೊಡಗಿನ ಬಿಟ್ಟಂಗಾಲಕ್ಕೋ ಹೋಗಬೇಕು. ಆಟಕ್ಕೆ ಹೊಸಬರಾದವರನ್ನು ಅಲ್ಲಿ ಕಾಡುವ ಪ್ರಶ್ನೆ ಒಂದೇ: ಕಡಿಮೆ ಹೊಡೆದವನು ಗೆಲ್ಲಬೇಕಾದ ಆಟದಲ್ಲಿ, 92 ಹೊಡೆದವನು 80 ಹೊಡೆದವನನ್ನು ಸೋಲಿಸಿದ್ದು ಹೇಗೆ? ನನ್ನ ಮಟ್ಟಿಗೆ ಆ ಗೆಲುವು ಪೂರ್ತಿ ನ್ಯಾಯವಾದದ್ದು.

ಮೊದಲು ಲೆಕ್ಕ ನೋಡೋಣ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ ಆಟಗಾರನ ಕೊನೆಯ 20 ಸ್ಕೋರ್‌ಗಳನ್ನು ತೆಗೆದುಕೊಳ್ಳುತ್ತದೆ. ಪ್ರತಿ ಸ್ಕೋರಿನಿಂದ ಆ ಮೈದಾನದ ರೇಟಿಂಗ್ ಕಳೆದು, ಉಳಿದದ್ದನ್ನು 113ರಿಂದ ಗುಣಿಸಿ ಸ್ಲೋಪ್‌ನಿಂದ ಭಾಗಿಸುತ್ತಾರೆ. ನುರಿತ ಆಟಗಾರ ಅಲ್ಲಿ ಎಷ್ಟು ಹೊಡೆದಾನು ಎಂಬುದೇ ರೇಟಿಂಗ್. ಸಾಧಾರಣ ಆಟಗಾರನಿಗೆ ಅದೇ ಮೈದಾನ ಇನ್ನೆಷ್ಟು ಕಷ್ಟ ಎಂಬುದು ಸ್ಲೋಪ್. ಹೀಗೆ ಬಂದ 20 ಅಂಕಿಗಳಲ್ಲಿ ಅತ್ಯುತ್ತಮ 8ರ ಸರಾಸರಿಯೇ ಹ್ಯಾಂಡಿಕ್ಯಾಪ್ ಇಂಡೆಕ್ಸ್.

ಪಾರ್ (ಮೈದಾನಕ್ಕೆ ನಿಗದಿಯಾದ ಹೊಡೆತಗಳ ಸಂಖ್ಯೆ) 72, ರೇಟಿಂಗ್ 71.2, ಸ್ಲೋಪ್ 125 ಇರುವ ಮೈದಾನಕ್ಕೆ ಇಂಡೆಕ್ಸ್ 18ರವನು ಬಂದನೆನ್ನಿ. 18ನ್ನು 125ರಿಂದ ಗುಣಿಸಿ 113ರಿಂದ ಭಾಗಿಸಿದರೆ 19.9. ರೇಟಿಂಗ್ ಪಾರ್‌ಗಿಂತ 0.8 ಕಡಿಮೆ ಇರುವುದರಿಂದ ಅಷ್ಟು ಕಳೆದರೆ 19.1, ಅವನಿಗೆ ಸಿಗುವುದು 19 ಹೊಡೆತ. ಇಂಡೆಕ್ಸ್ 6ರವನಿಗೆ ಇದೇ ಲೆಕ್ಕದಲ್ಲಿ 6. 92ರಲ್ಲಿ 19 ಹೋದರೆ ನೆಟ್ 73. 80ರಲ್ಲಿ 6 ಹೋದರೆ 74. ಕ್ಲಬ್ಬಿನ ಪಂದ್ಯಗಳಲ್ಲಿ ಈ ರಿಯಾಯಿತಿಯನ್ನು ಇನ್ನೂ ಸ್ವಲ್ಪ ತಗ್ಗಿಸುವುದುಂಟು, ತತ್ವ ಮಾತ್ರ ಅದೇ.

ಇದನ್ನು ದುರ್ಬಲನಿಗೆ ತೋರಿದ ಕನಿಕರ ಎನ್ನುವವರು ಆ 8ರ ಸಂಗತಿಯನ್ನು ಗಮನಿಸಿಲ್ಲ. 20ರ ಸರಾಸರಿಯನ್ನೂ ತೆಗೆಯಬಹುದಿತ್ತು. ಆದರೆ ಈ ಪದ್ಧತಿ ಆಟಗಾರನ 12 ಕೆಟ್ಟ ದಿನಗಳನ್ನು ಬದಿಗಿಟ್ಟು, 'ಇಷ್ಟು ನಿನ್ನ ಕೈಲಾಗುತ್ತದೆ, ನೀನೇ ಮಾಡಿ ತೋರಿಸಿದ್ದೀಯೆ' ಎನ್ನುತ್ತದೆ. ಹಾಗಾಗಿ ಮಾಮೂಲಿ ದಿನ ಅವನ ನೆಟ್ ಸ್ಕೋರ್ ಪಾರ್‌ಗಿಂತ ಮೇಲೆಯೇ ಇರುತ್ತದೆ. ಗೆಲ್ಲಬೇಕಾದರೆ ತನ್ನ ಒಳ್ಳೆಯ ದಿನಗಳ ಮಟ್ಟಕ್ಕೆ ಅವನು ಏರಲೇಬೇಕು. ಒಬ್ಬ ಮನುಷ್ಯನನ್ನು ಇದಕ್ಕಿಂತ ಗೌರವದಿಂದ ಅಳೆಯುವ ಅಳತೆಗೋಲು ನನಗೆ ಬೇರೆ ಕಂಡಿಲ್ಲ.

ಚೀಲದ ತೂಕವೇ ಎಲ್ಲವಲ್ಲ ಎಂಬುದು ಬೆಳೆಗಾರರಿಗೆ ಹೊಸತೇನಲ್ಲ. ರೊಬಸ್ಟಾ ಚೆರಿಯ ಎರಡು ಚೀಲಗಳು ತಲಾ 50 ಕೆಜಿ ತೂಗಿದರೂ, ಒಂದರ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ) 26, ಇನ್ನೊಂದರದು 28 ಆದರೆ ರೇಟು ಬೇರೆಯಾಗುತ್ತದೆ. ಆದರೆ ಅಲ್ಲಿ ಸ್ಯಾಂಪಲ್ ತೆಗೆದು ನೋಡುವುದಕ್ಕೆ ಕೊಳ್ಳುವವನಿದ್ದಾನೆ. ಗಾಲ್ಫ್‌ನಲ್ಲಿ ಜೊತೆಗಾರ ಸಹಿ ಹಾಕಿದರೂ, ಪೊದೆಯೊಳಗೆ ಎಷ್ಟು ಸಲ ಬೀಸಿದೆ ಎಂದು ಹೇಳಬೇಕಾದವನು ಆಟಗಾರನೇ. ಒಳ್ಳೆಯ ಕಾರ್ಡುಗಳನ್ನು ಮುಚ್ಚಿಟ್ಟು ಇಂಡೆಕ್ಸ್ ಏರಿಸಿಕೊಂಡವನು ನಿಜವಾಗಿ ಕಷ್ಟಪಡುತ್ತಿರುವ ಇನ್ನೊಬ್ಬನ ಹೊಡೆತಗಳನ್ನು ಕದಿಯುತ್ತಾನೆ. ಸ್ಕೋರ್ ಕಡಿಮೆ ಬರೆಯುವ ಮೋಸಕ್ಕಿಂತ ಇದು ಹೀನ ಎಂದು ನಾನು ತಿಳಿದಿದ್ದೇನೆ, ಏಕೆಂದರೆ ಇದರಿಂದ ರಿಯಾಯಿತಿಯ ಮೇಲೆಯೇ ಎಲ್ಲರಿಗೂ ಅನುಮಾನ ಹುಟ್ಟುತ್ತದೆ.

ಹಾಗಾದರೆ ಚೆನ್ನಾಗಿ ಆಡುವವನಿಗೆ ಅನ್ಯಾಯವಾಯಿತೇ? ಇಲ್ಲ. ಯಾರು ಎಲ್ಲರಿಗಿಂತ ಚೆನ್ನಾಗಿ ಆಡಿದರು ಎಂಬುದಕ್ಕೆ, ರಿಯಾಯಿತಿ ಕಳೆಯದ ಸ್ಕೋರಿಗೆ ಕೊಡುವ ಗ್ರಾಸ್ ಬಹುಮಾನವಿದೆ. ಯಾರು ತಮ್ಮ ಶಕ್ತಿಗೆ ತಕ್ಕಂತೆ ಆಡಿದರು ಎಂಬುದು ನೆಟ್‌ನ ಪ್ರಶ್ನೆ.

ಆದರೂ ಈ ಲೆಕ್ಕಕ್ಕೆ ಒಂದು ದೊಡ್ಡ ಮಿತಿಯಿದೆ: ಕೌಶಲ ಎಷ್ಟು ಎಂದು ಅದಕ್ಕೆ ಗೊತ್ತು, ಆ ಕೌಶಲ ಬಂದ ದಾರಿ ಗೊತ್ತಿಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೇರೆಯವರ ಬ್ಯಾಗ್ ಹೊತ್ತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ವೃತ್ತಿಪರರ ಪಂದ್ಯದಲ್ಲಿ ಹ್ಯಾಂಡಿಕ್ಯಾಪ್ ಇರುವುದಿಲ್ಲ. ಒಂದು ಹೊಡೆತವೂ ಅವರಿಗೆ ಬಿಟ್ಟಿ ಸಿಕ್ಕಿರಲಿಲ್ಲ. ಕೋಚ್ ಇಟ್ಟುಕೊಂಡು ಕಲಿತ ತೋಟದ ಮಾಲೀಕನಿಗೆ ಇದೇ ಪದ್ಧತಿ 19 ಹೊಡೆತ ಕೊಡುತ್ತದೆ. ಪದ್ಧತಿಯ ಮೇಲೆ ನನ್ನ ಆಕ್ಷೇಪವಿಲ್ಲ, ಅದು ತನ್ನ ಕೆಲಸವನ್ನು ನೆಟ್ಟಗೆ ಮಾಡುತ್ತಿದೆ. ಆದರೆ ನೆಟ್ ಸ್ಕೋರ್ ತೋರಿಸಿ 'ನಮ್ಮ ಆಟದಲ್ಲಿ ಎಲ್ಲರೂ ಸಮಾನರು' ಎನ್ನುವ ಕ್ಲಬ್ಬುಗಳು, ತಮ್ಮ ಕ್ಯಾಡಿಗಳಿಗೆ ವಾರದಲ್ಲಿ ಎಷ್ಟು ಹೊತ್ತು ಮೈದಾನ ಬಿಟ್ಟುಕೊಡುತ್ತೇವೆ ಎಂಬುದನ್ನೂ ಅದೇ ನೋಟಿಸ್ ಬೋರ್ಡಿನ ಮೇಲೆ ಬರೆದು ಹಾಕಲಿ.