ಸೋತವರ ಲೆಕ್ಕ

ಗೆಲ್ಲುವ ಭರವಸೆಯಿಲ್ಲದ ಆಟವನ್ನು ಆಡುವುದೇಕೆ? ನೋಡುವುದಾದರೂ ಏಕೆ?

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಕಾಲೇಜುಗಳದೊಂದು ಕ್ರೀಡಾ ಒಕ್ಕೂಟವಿದೆ. ಪ್ರತಿ ಚಳಿಗಾಲ ಅವು ತಮ್ಮತಮ್ಮೊಳಗೆ ಬ್ಯಾಸ್ಕೆಟ್‌ಬಾಲ್ ಆಡುತ್ತವೆ. ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ವಿಜ್ಞಾನಕ್ಕೆ ಹೆಸರಾದ ಕ್ಯಾಲ್‌ಟೆಕ್ ಅವುಗಳಲ್ಲೊಂದು. 1985ರಿಂದ ಅದರ ಪುರುಷರ ತಂಡ ಒಕ್ಕೂಟದ 310 ಪಂದ್ಯಗಳನ್ನು ಸಾಲಾಗಿ ಸೋತಿತು! 2011ರ ಫೆಬ್ರವರಿ 22ರಂದು ಆಕ್ಸಿಡೆಂಟಲ್ ಕಾಲೇಜನ್ನು 46–45ರಿಂದ ಮಣಿಸಿದಾಗ 26 ವರ್ಷಗಳ ಬರ ನೀಗಿತು.

ಆ ಒಂದು ಗೆಲುವು ಹಿಂದಿನ ಸೋಲುಗಳನ್ನೆಲ್ಲ ಸಾರ್ಥಕಗೊಳಿಸಿತೆನ್ನುವುದು ಸುಲಭ. ಆದರೆ ನಾಲ್ಕು ವರ್ಷ ಬೆವರು ಸುರಿಸಿ, ಒಂದನ್ನೂ ಗೆಲ್ಲದೆ ಹೊರಟುಹೋದವರ ಮಾತೇನು? ಮುಂದೆ ಬೇರೆಯವರಿಗೆ ದಕ್ಕಿದ ಫಲದಿಂದ ಅವರ ಶ್ರಮಕ್ಕೆ ಬೆಲೆ ಕಟ್ಟುವುದು ಅನ್ಯಾಯ. ಸೋಲು ಎದುರಿಗಿದ್ದರೂ ಮರುದಿನ ಮತ್ತೆ ಅಂಗಳಕ್ಕಿಳಿದರಲ್ಲ, ಬೆಲೆ ಅದಕ್ಕೇ. ಅದು ಕಾಣಬೇಕಾದರೆ ಕೊನೆಯ ಅಂಕ ಓದಿದರೆ ಸಾಲದು. ಋತುವಿಡೀ ಕೂತು ನೋಡಬೇಕು.

ಊರು ಬಿಟ್ಟು ಬಂದ ನಮಗೆ, ಮಕ್ಕಳು ಗೆಲ್ಲಲೇಬೇಕೆಂಬ ಆತುರ ಸಹಜ. ಅಂಕಪಟ್ಟಿ ಬಂದೊಡನೆ “ಎಷ್ಟನೆಯ ನಂಬರು?” ಎನ್ನುತ್ತೇವೆ. ವರ್ಷವಿಡೀ ಆ ಮಗು ಪಟ್ಟ ಪಾಡನ್ನು ನಾವು ಕೂತು ನೋಡಿದ್ದೇವೆಯೆ?