ಎಫ್ರಾತದ ದಾರಿಯಲ್ಲಿ

ಧ್ಯಾನಭಾಗ: ಆದಿಕಾಂಡ 35ನೆಯ ಅಧ್ಯಾಯ, 16ರಿಂದ 20ರ ವರೆಗಿನ ವಚನಗಳು



ಯಾಕೋಬನು ತನ್ನ ಮನೆಯವರೆಲ್ಲರೊಡನೆ ಬೇತೇಲನ್ನು ಬಿಟ್ಟು ಪ್ರಯಾಣಮಾಡುತ್ತಾ, ಎಫ್ರಾತ ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ರಾಹೇಲಳಿಗೆ ಹೆರಿಗೆಯ ಬೇನೆ ಬಂತು. ಬೇನೆಯು ಬಹು ಕಠಿಣವಾಗಿತ್ತು. ಸೂಲಗಿತ್ತಿಯು ಅವಳಿಗೆ ಧೈರ್ಯ ಹೇಳಿದಳು. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಪ್ರಾಣಹೋಗುವ ಗಳಿಗೆಯಲ್ಲಿ ಆಕೆ ಮಗನಿಗೆ ದುಃಖದ ಹೆಸರನ್ನಿಟ್ಟಳು. ತಂದೆಯು ಅದನ್ನು ಬದಲಿಸಿ ಬೆನ್ಯಾಮೀನನೆಂದು ಕರೆದನು, ಮತ್ತು ದಾರಿಯ ಮಗ್ಗುಲಲ್ಲಿ ಸಮಾಧಿಮಾಡಿ ಕಲ್ಲುಕಂಬವನ್ನು ನಿಲ್ಲಿಸಿದನು. ನಾವು ಈ ಭಾಗವನ್ನು ಓದುವಾಗ ಬೆನ್ಯಾಮೀನನೆಂಬ ಹೆಸರಿನ ಅರ್ಥವನ್ನು ವಿವರಿಸಿ ಮುಂದಕ್ಕೆ ಹೋಗುವುದು ವಾಡಿಕೆ. ಈ ಸಾರಿ ಆ ಕಂಬದ ಬಳಿಯಲ್ಲಿಯೇ ಸ್ವಲ್ಪ ಹೊತ್ತು ನಿಲ್ಲೋಣ.

ಯಾಕಂದರೆ ಅಂಥ ಕಲ್ಲುಗಳು ನಮ್ಮ ಹಳ್ಳಿಗಳ ಸಮಾಧಿಸ್ಥಳಗಳಲ್ಲಿಯೂ ಉಂಟು. ಅವುಗಳ ಮುಂದೆ ನಿಂತು ನಾವು ‘ದೇವರ ಚಿತ್ತ’ವೆಂದು ಹೇಳಿ, ಅತ್ತು, ಮನೆಗೆ ಬಂದಿದ್ದೇವೆ. ಈ ಮಾತು ದುಃಖಪಡುವವರಿಗೆ ಆಧಾರವಾದದ್ದು ನಿಜ. ಆದರೆ ಅನೇಕ ವೇಳೆ ನಾವು ನಮ್ಮ ಅಲಕ್ಷ್ಯದ ಮೇಲೆ ಹೊದಿಸುವ ಬಟ್ಟೆಯೂ ಅದೇ ಆಗಿದೆ. 2018ರಿಂದ 2020ರ ವರೆಗಿನ ಸರಕಾರೀ ಲೆಕ್ಕವನ್ನು ನೋಡಿರಿ. ಜೀವಸಹಿತ ಹುಟ್ಟಿದ ಒಂದು ಲಕ್ಷ ಕೂಸುಗಳಿಗೆ ಇಡೀ ಭಾರತದಲ್ಲಿ 97 ಮಂದಿ ತಾಯಂದಿರು ತೀರಿಹೋದರು. ಕರ್ನಾಟಕದಲ್ಲಿ 69 ಮಂದಿ. ಘಟ್ಟದ ಆಚೆಯ ಕೇರಳದಲ್ಲಿ 19 ಮಂದಿ ಮಾತ್ರ. ಹಾಗಾದರೆ ದೇವರಿಗೆ ಘಟ್ಟದ ಈಚೆಗೆ ಒಂದು ಚಿತ್ತವೂ ಆಚೆಗೆ ಇನ್ನೊಂದು ಚಿತ್ತವೂ ಉಂಟೋ? ಹಾಗೆಂದು ಹೇಳಲು ನಮ್ಮಲ್ಲಿ ಯಾರಿಗೂ ಧೈರ್ಯ ಬಾರದು. ರಾಹೇಲಳಿಗೆ ದಾರಿಯಲ್ಲಿ ಆಸ್ಪತ್ರೆ ಇರಲಿಲ್ಲ, ಕೊಡಲು ರಕ್ತವಿರಲಿಲ್ಲ, ಕರೆಯಲು ಗಾಡಿ ಇರಲಿಲ್ಲ. ಇವೆಲ್ಲ ನಮಗೆ ಉಂಟು.

ಮೊದಲು ರಕ್ತದ ಮಾತು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂತು. ಅಂಥವಳಿಗೆ ಹೆರಿಗೆಯಲ್ಲಿ ಮಿತಿಮೀರಿ ರಕ್ತ ಹೋದರೆ, ಬಲವುಳ್ಳವಳು ತಾಳಿಕೊಳ್ಳುವಷ್ಟನ್ನು ಅವಳು ತಾಳಲಾರಳು. ಎರಡು ತಾಸಿನೊಳಗೆ ಪ್ರಾಣವೇ ಹೋಗಬಹುದು. ಇದಕ್ಕಾಗಿಯೇ ಆಶಾ ಸಹೋದರಿಯು ಮನೆಮನೆಗೆ ಬಂದು ಕಬ್ಬಿಣದ ಮಾತ್ರೆಯನ್ನು ಕೊಡುತ್ತಾಳೆ. ಬಸುರಿನಲ್ಲಿ 180 ದಿವಸ, ಹೆತ್ತ ಮೇಲೆ 180 ದಿವಸ ದಿನಕ್ಕೊಂದರಂತೆ ನುಂಗತಕ್ಕದ್ದು. ನಮ್ಮ ಮನೆಗಳಲ್ಲಿ ಅದರ ಗತಿ ಏನು? ಕೂಸು ಕಪ್ಪಾಗುವುದೆಂದು ಒಬ್ಬರು, ಕೂಸು ಬಹಳ ದೊಡ್ಡದಾಗಿ ಹೆರಿಗೆ ಕಷ್ಟವಾಗುವುದೆಂದು ಇನ್ನೊಬ್ಬರು ಹೇಳಿ, ಮಾತ್ರೆಯು ತಿಪ್ಪೆಗೆ ಹೋಗುತ್ತದೆ. ಮಾತ್ರೆಯಿಂದ ಮಲವು ಕಪ್ಪಾಗುವುದುಂಟು, ಕೂಸು ಕಪ್ಪಾಗುವುದಿಲ್ಲ. ಚಹದೊಡನೆ ತೆಗೆದುಕೊಂಡರೆ ಅದರ ಸತ್ವ ಮೈಗೆ ಹತ್ತದು. ಊಟವಾದ ಮೇಲೆ ನಿಂಬೆಹಣ್ಣಿನ ಪಾನಕದೊಡನೆ ತೆಗೆದುಕೊಳ್ಳಲಿ. ಕೂಸು ದೊಡ್ಡದಾದೀತೆಂಬ ಅದೇ ಭಯದಿಂದ ಸೊಸೆಗೆ ಅರೆಹೊಟ್ಟೆ ಬಡಿಸುವ ಅತ್ತೆಯರೂ ಉಂಟು. ಅವರಲ್ಲಿ ಕ್ರೂರತನವಿದೆ ಎಂದು ನಾವು ಹೇಳುವುದಿಲ್ಲ; ತಮ್ಮ ಅತ್ತೆಯರಿಂದ ಕಲಿತದ್ದನ್ನೇ ಅವರು ಮಾಡುತ್ತಾರೆ. ಆದಾಗ್ಯೂ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಗರ್ಭಿಣಿಯು ಉಣ್ಣುವ ಪದ್ಧತಿಯನ್ನು ಕಂಡೂ, ಅದೇ ಮನೆಯಲ್ಲಿ ಕೂತು ಊಟಕ್ಕಾಗಿ ಸ್ತೋತ್ರ ಹೇಳಿ ಎದ್ದುಬಂದ ನಾವೂ ಉತ್ತರ ಕೊಡಬೇಕಾದವರೇ.

ಹುಟ್ಟಿದ ಕೂಸಿನ ಉಪಚಾರವು ಪ್ರವಾದಿಗೂ ತಿಳಿದ ವಿಷಯವಾಗಿತ್ತು. ಹೊಕ್ಕಳು ಕೊಯ್ಯದೆ, ಮೈತೊಳೆಯದೆ, ಉಪ್ಪು ಸವರದೆ, ಬಟ್ಟೆ ಸುತ್ತದೆ ಬೈಲಿನಲ್ಲಿ ಬಿಸಾಡಲ್ಪಟ್ಟ ಕೂಸಿನ ಚಿತ್ರವನ್ನು ಯೆಹೆಜ್ಕೇಲನು 16ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಆದರೆ ಉಪ್ಪು ಸವರುವುದು ಆ ದೇಶದ ವಾಡಿಕೆಯೇ ಹೊರತು ದೇವರ ಆಜ್ಞೆಯಲ್ಲ. ಅದನ್ನು ಓದಿ ಯಾರೂ ಉಪ್ಪಿನ ಮಡಕೆಗೆ ಕೈಹಾಕದಿರಲಿ. ಹಾಗೆಯೇ ನಮ್ಮ ಹಿರಿಯರ ವಾಡಿಕೆಗಳೂ ಆಜ್ಞೆಗಳಲ್ಲ. ಹೊಕ್ಕಳಿಗೆ ಬೂದಿಯನ್ನೋ ಸಗಣಿಯನ್ನೋ ಹಚ್ಚಿದ್ದರಿಂದ ಧನುರ್ವಾಯು ಹಿಡಿದು ಸತ್ತ ಕೂಸುಗಳೆಷ್ಟೋ! ಗರ್ಭಿಣಿಯರಿಗೆ ಚುಚ್ಚುಮದ್ದು, ಹೊಸ ಅಲಗು, ಆಸ್ಪತ್ರೆಯ ಹೆರಿಗೆ ಇವುಗಳಿಂದ ಆ ರೋಗವು ಬಹಳವಾಗಿ ತಗ್ಗಿ, 2015ರಲ್ಲಿ ತಾಯಿಕೂಸುಗಳ ಧನುರ್ವಾಯುವನ್ನು ಭಾರತವು ನಿವಾರಿಸಿತೆಂದು ಪ್ರಕಟವಾಯಿತು. ಹೊಕ್ಕಳು ಶುಚಿಯಾಗಿ ಒಣಗಿಯೇ ಇರಲಿ. ಮೊದಲ ದಿವಸ ಸ್ನಾನ ಬೇಡ, ತಾಯಿಯ ಎದೆಯ ಬೆಚ್ಚನೆಯೇ ಸಾಕು.

ಮೊದಲ ಹಾಲಿನ ವಿಷಯದಲ್ಲಿಯೂ ಹೀಗೆಯೇ. ಆಕಳು ಈದರೆ ಗಿಣ್ಣದ ಹಾಲನ್ನು ಬೆಲ್ಲ ಹಾಕಿ ಕಾಸಿ ಮನೆಮಂದಿಯೆಲ್ಲ ತಿನ್ನುವ ನಾವು, ತಾಯಿಯ ಹಳದಿಯಾದ ಮೊದಲ ಹಾಲನ್ನು ಮೈಲಿಗೆಯೆಂದು ಹಿಂಡಿ ಚೆಲ್ಲಿಸಿ, ಕೂಸಿನ ಬಾಯಿಗೆ ಜೇನನ್ನೂ ಸಕ್ಕರೆನೀರನ್ನೂ ಹರಳೆಣ್ಣೆಯನ್ನೂ ಇಡುತ್ತೇವೆ. ಆ ಹಳದಿ ಹಾಲಿನಲ್ಲಿಯೇ ರೋಗವನ್ನು ತಡೆಯುವ ಶಕ್ತಿ ತುಂಬಿದೆ; ಜೇನಾದರೋ ಒಂದು ವರುಷ ತುಂಬುವ ತನಕ ಅಪಾಯಕರ. ಒಂದು ತಾಸಿನೊಳಗೆ ಮೊಲೆಯೂಡಿಸಬೇಕು, ಆರು ತಿಂಗಳ ವರೆಗೆ ನೀರು ಸಹ ಬೇಡ. ಬಾಣಂತಿಗೆ ಮಾತ್ರ ನೀರು ಬೇಕು! ಬಾಯಾರಿದವಳನ್ನು ಹೊಗೆತುಂಬಿದ ಕೋಣೆಯಲ್ಲಿ ಕೂಡ್ರಿಸಿ ನೀರು ಅಳೆದುಕೊಡುವುದು ಉಪಚಾರವಲ್ಲ.

ಇನ್ನು ಗಂಡಸರಿಗೆ ಒಂದು ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಮಿಳುನಾಡಿನ ತಿಂಡಿವನದಲ್ಲಿ ಒಂದೇ ರಾತ್ರಿ ಮೂವರು ಗಂಡಂದಿರು ಮಿಶನರಿ ವೈದ್ಯನ ಮಗಳಾದ ಐಡಾ ಸ್ಕಡ್ಡರಳ ಬಾಗಿಲಿಗೆ ಬಂದರು. ಹೆಂಡತಿಯರು ಹೆರಲಾರದೆ ಒದ್ದಾಡುತ್ತಿದ್ದರು. ತಂದೆಯನ್ನು ಕರೆದುಕೊಂಡು ಹೋಗಿರೆಂದು ಆಕೆ ಹೇಳಲಾಗಿ, ಪರಪುರುಷನು ಬರಬಾರದೆಂದು ಮೂವರೂ ಹಿಂದಿರುಗಿದರು. ಬೆಳಿಗ್ಗೆ ಮೂವರು ಸ್ತ್ರೀಯರೂ ಇರಲಿಲ್ಲ. ಆ ಹುಡುಗಿ ಓದಿ ವೈದ್ಯಳಾಗಿ, 1918ರಲ್ಲಿ ವೆಲ್ಲೂರಿನಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನು ತೆರೆದಳು. ಆ ಗಂಡಂದಿರು ಹೆಂಡತಿಯರನ್ನು ಪ್ರೀತಿಸದವರಲ್ಲ. ಪ್ರೀತಿಸಿದ್ದರಿಂದಲೇ ನಡುರಾತ್ರಿಯಲ್ಲಿ ಬಂದರು. ಆದರೆ ನಿರ್ಣಯವು ಅವರ ಕೈಯಲ್ಲಿತ್ತು, ಅವರು ತಪ್ಪಾಗಿ ನಿರ್ಣಯಿಸಿದರು. ಇಂದಿಗೂ ಅನೇಕ ಮನೆಗಳಲ್ಲಿ ಹೊಲಕ್ಕೆ ಹೋದ ಗಂಡನು ಬರುವ ತನಕ, ಇಲ್ಲವೆ ಬೆಳಗಾಗುವ ತನಕ ಕಾಯುವುದುಂಟು. ರಕ್ತ ಹೋಗುವುದು, ಮುಖಕೈಗಳು ಬಾತು ತಲೆ ಸಿಡಿದು ಕಣ್ಣು ಮಂಜಾಗುವುದು, ಸೆಳವು, ಚಳಿಜ್ವರ, ಬೇನೆ ಬಾರದೆ ನೀರೊಡೆಯುವುದು: ಇವುಗಳಲ್ಲಿ ಒಂದು ಕಂಡರೂ ಯಾರ ಅಪ್ಪಣೆಗೂ ಕಾಯಕೂಡದು.

ಆದಕಾರಣ ಏಳನೆಯ ತಿಂಗಳಲ್ಲಿಯೇ ಮನೆಯವರು ಕೂತು ಮಾತಾಡಿಕೊಳ್ಳಲಿ. ತಾಯಿಕಾರ್ಡು ಎಲ್ಲಿದೆ, 108ಕ್ಕೆ ಕರೆಮಾಡುವವರು ಯಾರು, ಗಾಡಿ ಬಾರದಿದ್ದರೆ ಯಾರ ವಾಹನ, ರಕ್ತ ಕೊಡುವವರು ಯಾರು, ಜೊತೆಗೆ ಹೋಗುವ ಹೆಂಗಸು ಯಾರು. ದನಕ್ಕೆ ಹುಲ್ಲು ಹಾಕುವವರಿಲ್ಲ, ಹಿರಿಯ ಮಗುವನ್ನು ನೋಡುವವರಿಲ್ಲ ಎಂಬ ಕಾರಣದಿಂದ ಹೊರಡುವುದು ತಡವಾದ ಮನೆಗಳನ್ನು ನಾವು ಬಲ್ಲೆವು. ಆ ಹುಲ್ಲನ್ನೂ ಆ ಮಗುವನ್ನೂ ಸಭೆಯ ಹಿರಿಯರು ತಮ್ಮ ಮೇಲೆ ಹಾಕಿಕೊಳ್ಳಲಿ. ಬರುವ ಆದಿತ್ಯವಾರ ಆರಾಧನೆಯಾದ ಮೇಲೆ ಯಾವ ಯಾವ ಮನೆಯೆಂದು ಬರೆದುಕೊಳ್ಳೋಣ.