ಹಾರುವ ಮೊದಲು ಕೂತು ಲೆಕ್ಕ ಹಾಕಿ



ಕಳೆದ ವರ್ಷ ತಪಸ್ಸು ಕಾಲದ ಒಂದು ಭಾನುವಾರ, ಎರಡನೇ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಕಂದು ಲಕೋಟೆಯೊಂದನ್ನು ಹಿಡಿದು ಗುರುನಿವಾಸದ ಬಾಗಿಲಿಗೆ ಬಂದರು. ಹಿಂದೆ ಮಗ, ಅವನ ಹಿಂದೆ ತಂದೆ. “ಫಾದರ್, ಹುಡುಗನಿಗೆ ಪೈಲಟ್ ಕೆಲಸ ಸಿಕ್ಕಿದೆ. ಈ ಕಾಗದದ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿಬಿಡಿ, ನಾಳೆ ಸೈನ್ ಹಾಕಿ ಕಳಿಸ್ತಾನೆ” ಎಂದರು. ನಾನು ಕೈ ಚಾಚಿದೆ. ಆದರೆ ಹುಡುಗ, “ಪ್ರಾರ್ಥನೆ ಆಮೇಲೆ ಫಾದರ್, ಮೊದಲು ಓದಿ ನೋಡಿ” ಎಂದ.

ಆ ಮನೆಯವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ನಮಗೆ ಬೇಡ.

ಮಂಡಕಳ್ಳಿಯ ಕಡೆ ಚಿಕ್ಕ ತರಬೇತಿ ವಿಮಾನಗಳು ಸುತ್ತುವುದನ್ನು ನೀವೂ ನೋಡಿರುತ್ತೀರಿ. ನೋಡಲು ಚೆಂದ. ಆದರೆ ಅದರೊಳಗಿರುವ ಮಕ್ಕಳ ಮನೆಯ ಲೆಕ್ಕ ಬೇರೆಯೇ ಇರುತ್ತದೆ. ನಮ್ಮ ದೇಶದಲ್ಲಿ 200 ಗಂಟೆ ಹಾರಾಟ ಮುಗಿಸಿ, ಪರೀಕ್ಷೆಗಳನ್ನು ಪಾಸು ಮಾಡಿದರೆ ವಾಣಿಜ್ಯ ಪೈಲಟ್ ಲೈಸೆನ್ಸ್ ಸಿಗುತ್ತದೆ. ಕೆಲಸ ಮಾತ್ರ ಅದರ ಜೊತೆಗೆ ಬರುವುದಿಲ್ಲ. ದೊಡ್ಡ ವಿಮಾನ ನಡೆಸಬೇಕಾದರೆ ಆ ಮಾದರಿಯ ವಿಮಾನಕ್ಕೆಂದೇ ಮತ್ತೊಂದು ತರಬೇತಿ, ಮತ್ತೊಂದು ಸಾಲ. ಮುಂದೆ ದೊಡ್ಡ ವಿಮಾನಗಳ ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸಿಗೆ 1500 ಗಂಟೆ. ಕೈಯಲ್ಲಿರುವುದು 200, ಬೇಕಾದದ್ದು 1500. ಈ ಕಂದಕದ ನಡುವೆ ಸೇತುವೆಯ ಹಾಗೆ ಕಾಣುವುದೇ ಬಾಡಿಗೆ ವಿಮಾನ ನಡೆಸುವ ಚಿಕ್ಕ ಸಂಸ್ಥೆಗಳು. ಒಂದೋ ಎರಡೋ ವಿಮಾನ. ಇವತ್ತು ಉದ್ಯಮಿ, ನಾಳೆ ರಾಜಕಾರಣಿ, ನಾಡಿದ್ದು ರೋಗಿ. ಹಾರಾಟದ ಗಂಟೆ ಸಿಗುತ್ತದೆ, ಅನುಭವ ಸಿಗುತ್ತದೆ. ಹುಡುಗರು ಸಾಲುಗಟ್ಟಿ ನಿಂತಿರುವಾಗ ಸಿಕ್ಕಿದವನೇ ಪುಣ್ಯವಂತ.

ಲಕೋಟೆಯಲ್ಲಿದ್ದದ್ದು ಇಷ್ಟು: ಮೂರು ವರ್ಷದ ಬಾಂಡ್, ಮೊತ್ತ ಬರೆಯದೆ ಸಹಿ ಹಾಕಿದ ಚೆಕ್ಕುಗಳು, ಅಸಲು ಸರ್ಟಿಫಿಕೇಟುಗಳು ಕಂಪನಿಯ ವಶಕ್ಕೆ, ಕರೆದಾಗ ಬರಬೇಕು. ಇದಕ್ಕಿಂತ ಹೆಚ್ಚಾಗಿ ಹುಡುಗನನ್ನು ಕಾಡುತ್ತಿದ್ದದ್ದು ಕಾಗದದಲ್ಲಿ ಇಲ್ಲದ ಸಂಗತಿ. ಅಲ್ಲಿ ಕೆಲಸ ಬಿಟ್ಟ ಒಬ್ಬ ಹಿರಿಯ ಅವನಿಗೆ ಫೋನಿನಲ್ಲಿ ಹೇಳಿದ್ದನಂತೆ: ವಿಮಾನದಲ್ಲಿ ದೋಷ ಕಂಡರೆ ಬಾಯಲ್ಲಿ ಹೇಳಬೇಕು, ಪುಸ್ತಕದಲ್ಲಿ ಬರೆಯಬಾರದು, ಬರೆದರೆ ವಿಮಾನ ನಿಲ್ಲುತ್ತದೆ. ಡ್ಯೂಟಿ ಮುಗಿದ ಸಮಯವನ್ನು ‘ಸ್ವಲ್ಪ ಹಿಂದಕ್ಕೆ’ ಹಾಕಬೇಕು.

ತಾಯಿಗೆ ಇದೆಲ್ಲ ದೊಡ್ಡದಾಗಿ ಕಾಣಲಿಲ್ಲ. ಮನೆಪತ್ರ ಬ್ಯಾಂಕಿನಲ್ಲಿದೆ, ತಿಂಗಳ ಕಂತು ಕಾಯುವುದಿಲ್ಲ. “ವೇಳಾಂಗಣಿ ಮಾತೆ ನೋಡಿಕೊಳ್ತಾಳೆ ಫಾದರ್” ಎಂದರು.

ಆ ತಾಯಿಯ ಭಕ್ತಿಯನ್ನು ನಾನು ಹಗುರವಾಗಿ ಎಣಿಸುವವನಲ್ಲ. ವಿಮಾನ ಚಾಲಕರಿಗೆ ಪಾಲಕಿಯೆಂದು ಲೊರೆಟೊ ಮಾತೆಯನ್ನು 1920ರಲ್ಲೇ ಜಗದ್ಗುರು ಹದಿನೈದನೇ ಬೆನೆಡಿಕ್ಟರು ಘೋಷಿಸಿದ್ದಾರೆ. ಆದರೆ ತಪಸ್ಸು ಕಾಲದ ಮೊದಲ ಭಾನುವಾರ ನಾವು ಕೇಳುವ ಶುಭಸಂದೇಶವನ್ನು ನೆನಪಿಸಿಕೊಳ್ಳಿ. ದೇವಾಲಯದ ತುತ್ತತುದಿಯಲ್ಲಿ ನಿಲ್ಲಿಸಿ, ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದವನು ಸೈತಾನ. ಧುಮುಕದೆ ಉಳಿದವರು ಪ್ರಭು ಯೇಸು. ಕಣ್ಣಿಗೆ ಕಾಣುವ ಅಪಾಯದೊಳಕ್ಕೆ ತಾನೇ ನಡೆದುಹೋಗಿ, ಮಾತೆಯ ಹೆಸರು ಹೇಳಿದರೆ ಅದು ವಿಶ್ವಾಸವೋ, ದೇವರ ಪರೀಕ್ಷೆಯೋ? ಅದೇ ಯೇಸು, ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದೂ ಕೇಳಿದ್ದಾರೆ. ಲೂಕನ 14ನೇ ಅಧ್ಯಾಯ ತೆಗೆದು ನೋಡಿ.

ಸೆಮಿನರಿಯಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದುವಾಗ ‘ವಿವೇಕ’ ಎಂಬ ಸದ್ಗುಣದ ಪಾಠ ನನಗೆ ನಿದ್ದೆ ತರುತ್ತಿತ್ತು, ಒಪ್ಪಿಕೊಳ್ಳುತ್ತೇನೆ. ಈಗ ಅದೇ ಪಾಠ ಹೆಚ್ಚು ಉಪಯೋಗಕ್ಕೆ ಬರುತ್ತಿದೆ. ದುಡುಕು ಎಂದರೆ ಮೆಟ್ಟಿಲು ಇಳಿಯುವ ಬದಲು ಮೇಲಿಂದ ಉರುಳುವುದು ಎಂಬ ಅರ್ಥದಲ್ಲಿ ಅವರು ವಿವರಿಸುತ್ತಾರೆ. ಹಿಂದಿನ ಅನುಭವದ ನೆನಪು, ಎದುರಿಗಿರುವುದರ ಅರಿವು, ಬರಲಿರುವುದರ ಊಹೆ, ಹಿರಿಯರ ಮಾತು ಕೇಳುವ ಮನಸ್ಸು: ಇವು ಮೆಟ್ಟಿಲುಗಳು. ವಿಮಾನವೂ ಹಂತ ಹಂತವಾಗಿ ಇಳಿದರೆ ತಾನೇ ಕ್ಷೇಮ?

ಹಾಗಾದರೆ ಚಿಕ್ಕ ಕಂಪನಿ ಕೆಟ್ಟದ್ದು, ದೊಡ್ಡದು ಭದ್ರ ಎಂದು ಅರ್ಥವೇ? ಅಲ್ಲವೇ ಅಲ್ಲ. 1997ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಲ್ಲಿ ಆರಂಭಿಸಿದ್ದು ಬಾಡಿಗೆ ಹೆಲಿಕಾಪ್ಟರಿನ ಚಿಕ್ಕ ಸಂಸ್ಥೆಯನ್ನೇ. 2003ರ ಏರ್ ಡೆಕ್ಕನ್ ಅದರಿಂದ ಬೆಳೆಯಿತು. ಇತ್ತ 2010ರಲ್ಲಿ ಮಂಡಕಳ್ಳಿಗೆ ವಿಮಾನ ತಂದ ಕಿಂಗ್‌ಫಿಷರ್ ದೊಡ್ಡ ಹೆಸರೇ ಆಗಿತ್ತು. 2012ರ ಅಕ್ಟೋಬರಿನಲ್ಲಿ ಅದು ನಿಂತಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಆದ್ದರಿಂದ ಗಾತ್ರ ನೋಡಿ ತೂಗಬೇಡಿ.

ತೂಗಬೇಕಾದ್ದು ಏನೆಂದು ಹೇಳಿದವರು ಅದುವರೆಗೆ ಸುಮ್ಮನಿದ್ದ ತಂದೆ. ಅವರು ಮೈಸೂರಿನಲ್ಲಿ ರೈಲ್ವೆ ಬೋಗಿಗಳ ತಪಾಸಣೆಯಲ್ಲಿದ್ದು ನಿವೃತ್ತರಾದವರು. “ಫಾದರ್, ನಾವು ಬೋಗಿ ಮೇಲೆ ಸಿಕ್ ಅಂತ ಸೀಮೆಸುಣ್ಣದಲ್ಲಿ ಬರೆದರೆ ಮುಗೀತು. ಯಾವ ಸಾಹೇಬರು ಬಂದ್ರೂ ರಿಪೇರಿ ಆಗದೆ ಆ ಬೋಗಿ ಗಾಡಿಗೆ ಸೇರ್ತಿರಲಿಲ್ಲ. ಬೈಸಿಕೊಂಡಿದ್ದೀನಿ, ಕೆಲಸ ಹೋಗಲಿಲ್ಲ. ಇವನು ‘ಸಿಕ್’ ಅಂತ ಬರೆದರೆ ಇವನ ಗತಿ ಏನು ಅಂತ ಕೇಳಿ” ಎಂದರು.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಲ್ಲ ಕೆಲಸದಲ್ಲೂ ಕಷ್ಟವಿದೆ. ಕಡಿಮೆ ಸಂಬಳ, ದೂರದ ಊರು, ಕ್ರಿಸ್ಮಸ್ಸಿಗೂ ರಜೆಯಿಲ್ಲ. ಇವನ್ನು ಯುವಕನೊಬ್ಬ ಸಾಲ ತೀರಿಸಲು ಸಹಿಸಿದರೆ ಅದು ತ್ಯಾಗ. ಆದರೆ ಪುಸ್ತಕದಲ್ಲಿ ಸುಳ್ಳು ಬರೆಯುವುದು ಸಹನೆಯಲ್ಲ. ಅಲ್ಲಿ ಅಪಾಯಕ್ಕೆ ಒಡ್ಡುತ್ತಿರುವುದು ತನ್ನ ಜೀವವನ್ನು ಮಾತ್ರವಲ್ಲ, ಹಿಂದಿನ ಸೀಟಿನಲ್ಲಿ ನಂಬಿ ಕುಳಿತವರ ಜೀವವನ್ನು. ಮನೆಪತ್ರ ಬಿಡಿಸಿಕೊಳ್ಳಲು ಆ ಜೀವಗಳನ್ನು ಅಡವಿಡುವ ಹಕ್ಕು ಯಾರಿಗಿದೆ? ಆದರೂ ಆ ಹುಡುಗನನ್ನಷ್ಟೇ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ಬೇರೆ ದಾರಿಯಿಲ್ಲದೆ, ಇದಕ್ಕಿಂತ ಕೆಟ್ಟದ್ದು ಬಂದೀತೆಂಬ ಭಯದಿಂದ ದುಡಿಯುವವನು ಕಠಿಣ ಷರತ್ತಿಗೆ ಒಪ್ಪಿದರೆ ಆ ಒಪ್ಪಿಗೆಯೇ ಬಲಾತ್ಕಾರದ ಫಲ ಎಂದು ಜಗದ್ಗುರು ಹದಿಮೂರನೇ ಲಿಯೋ 1891ರ ತಮ್ಮ ವಿಶ್ವಪತ್ರದಲ್ಲೇ ಎಚ್ಚರಿಸಿದ್ದರು. ಮೊತ್ತ ಬರೆಯದ ಚೆಕ್ಕು ಎಂದರೆ ಅದೇ ಅಲ್ಲವೇ?

1981ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ದುಡಿಮೆಯ ಕುರಿತು ಬರೆಯುತ್ತಾ ನೇರ ಮಾಲೀಕ, ಪರೋಕ್ಷ ಮಾಲೀಕ ಎಂದು ಎರಡು ಬಗೆ ಹೇಳಿದ್ದಾರೆ. ಸಂಬಳ ಕೊಡುವವನು ನೇರ ಮಾಲೀಕ; ಆ ಕೆಲಸದ ಷರತ್ತುಗಳು ಹೇಗಿರಬೇಕೆಂದು ದೂರದಿಂದಲೇ ಒತ್ತುವ ವ್ಯವಸ್ಥೆ, ಸಂಸ್ಥೆ, ಜನ ಪರೋಕ್ಷ ಮಾಲೀಕರು. ಇಲ್ಲಿ ಪ್ರಿಯ ಓದುಗರೇ, ನಿಮ್ಮ ಕಡೆಗೂ ನನ್ನ ಕಡೆಗೂ ಬೆರಳು ತಿರುಗುತ್ತದೆ. ವಿಮಾನ ಬಾಡಿಗೆ ಹಿಡಿಯುವವರು ನಾವಲ್ಲ, ನಿಜ. ಆದರೆ ಸೆಪ್ಟೆಂಬರಿನಲ್ಲಿ ವೇಳಾಂಗಣಿ ಹಬ್ಬಕ್ಕೆ ಟೆಂಪೋ ಟ್ರಾವೆಲರ್ ಹಿಡಿಯುವವರು ನಾವೇ. ಹಗಲೆಲ್ಲ ಬೇರೆ ಬಾಡಿಗೆ ಓಡಿಸಿ ಬಂದ ಡ್ರೈವರನಿಗೆ, “ರಾತ್ರಿನೇ ಹೊರಟುಬಿಡೋಣ, ಬೆಳಗಿನ ಪೂಜೆ ಸಿಗುತ್ತೆ, ಲಾಡ್ಜ್ ಖರ್ಚೂ ಉಳಿಯುತ್ತೆ” ಎಂದವರು ಯಾರು? ಹಿಂದೆ ಕುಳಿತು ಜಪಮಾಲೆ ಹೇಳುತ್ತಾ ನಿದ್ದೆಹೋದವರು ಯಾರು? ನಾನೂ ಒಮ್ಮೆ ಆ ಗಾಡಿಯಲ್ಲಿದ್ದೆ.

2025ರ ಜೂನ್ 15ರ ಬೆಳಗ್ಗೆ ಕೇದಾರನಾಥದಿಂದ ಯಾತ್ರಿಕರನ್ನು ಹೊತ್ತು ಬರುತ್ತಿದ್ದ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು ಒಂದು ಮಗುವೂ ಸೇರಿ ಏಳು ಮಂದಿ ತೀರಿಕೊಂಡರು. ನಮ್ಮ ಜಕ್ಕೂರಿನಲ್ಲಿ 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟ ಚಿಕ್ಕ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿದ್ದು ನಾಲ್ವರು ಸತ್ತರು. ನಟಿ ಸೌಂದರ್ಯ ಅವರನ್ನು ಕರ್ನಾಟಕ ಇಂದಿಗೂ ನೆನೆಯುತ್ತದೆ, ನೆನೆಯಬೇಕಾದ್ದೇ. ಆ ನಾಲ್ವರಲ್ಲಿ ಪೈಲಟ್ ಕೂಡ ಒಬ್ಬ, ಅವನಿಗೂ ಒಂದು ಮನೆಯಿತ್ತು ಎಂಬುದನ್ನು ಎಷ್ಟು ಜನ ನೆನೆಯುತ್ತೇವೆ?

ಮರುದಿನ ಹುಡುಗನನ್ನು ಕರೆಸಿ, ಸಹಿ ಹಾಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮನಸ್ಸಾಕ್ಷಿ ಅವನದು, ಕಂತು ಕಟ್ಟುವವರೂ ಅವರೇ. ಒಂದು ಪ್ರಶ್ನೆ ಮಾತ್ರ ಬರೆದುಕೊಟ್ಟೆ: ನಿಮ್ಮಲ್ಲಿ ಪೈಲಟ್ ಒಬ್ಬರು ‘ಇವತ್ತು ಆಗುವುದಿಲ್ಲ’ ಎಂದದ್ದು ಕೊನೆಯ ಬಾರಿ ಯಾವಾಗ, ಆಮೇಲೆ ಅವರಿಗೇನಾಯಿತು? ಇದನ್ನು ಆ ಕಂಪನಿಗೂ ಕೇಳು, ನೀನು ಅರ್ಜಿ ಹಾಕಿರುವ ಬೇರೆ ಕಡೆಗಳಿಗೂ ಕೇಳು ಎಂದೆ.

ಮೊದಲ ಕಡೆಯವರು, “ನಮ್ಮಲ್ಲಿ ಅಂಥದ್ದೆಲ್ಲ ನಡೆಯಲ್ಲ” ಎಂದರಂತೆ. ಎರಡನೇ ಕಡೆ ಇದ್ದದ್ದೂ ಎರಡೇ ವಿಮಾನ, ಸಂಬಳ ಇನ್ನೂ ಕಡಿಮೆ, ಬಾಂಡ್ ಉಂಟು. ಆದರೆ ಮೊತ್ತ ಬರೆದ ಬಾಂಡ್, ವರ್ಷ ಕಳೆದಂತೆ ಇಳಿಯುವಂಥದು. ಅಲ್ಲಿನ ಹಿರಿಯ ಪೈಲಟ್ ಸ್ವಲ್ಪ ಯೋಚಿಸಿ, “ಹೋದ ಮಂಗಳವಾರ. ಮಂಜಿತ್ತು. ಗಿರಾಕಿಗೆ ನಾನೇ ಹೋಗಿ ಹೇಳಿದೆ, ಬೈದರು. ಆ ಕ್ಯಾಪ್ಟನ್ ಇವತ್ತು ಪುಣೆಗೆ ಹೋಗಿದ್ದಾರೆ” ಎಂದರಂತೆ.

ಹುಡುಗ ಎರಡನೆಯದನ್ನು ಆರಿಸಿದ. ತಾಯಿ ಎರಡು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಸಂಬಳದಲ್ಲಿ ಕಂತಿನ ಅರ್ಧವೂ ಬರುವುದಿಲ್ಲ. ತಂದೆಯ ಪಿಂಚಣಿ ಪೂರ್ತಿ ಅದಕ್ಕೇ ಹೋಗುತ್ತಿದೆ. ಇದನ್ನು ನಾನು ಮುಚ್ಚಿಡಬಾರದು.

ಮೊನ್ನೆ ಬುಧವಾರ ನೊವೇನಾ ಮುಗಿದ ಮೇಲೆ ಆಕೆ ನಿಂತು ಹೇಳಿದರು: “ಫಾದರ್, ನಿನ್ನೆ ಎಲ್ಲೋ ಮಳೆಯಂತೆ. ಐದು ಗಂಟೆ ವಿಮಾನ ನಿಲ್ಲಿಸಿಕೊಂಡು ಕೂತಿದ್ರಂತೆ. ಆ ಐದು ಗಂಟೆಗೂ ದುಡ್ಡು ಕೊಡ್ತಾರಾ?”

ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ.